ಹಳೆಯ ಪ್ಲಗಿನ್, ಹೊಸ ತಂತ್ರಾಂಶ: ಧ್ವನಿಮುದ್ರಣದ ಇತಿಹಾಸದಲ್ಲಿ ಒಂದು ಆಕರ ಸಮಸ್ಯೆ

ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಆ ಕಲ್ಲುಗಳಲ್ಲಿ ಕೆಲವು ನಗರದ ಬೆಳವಣಿಗೆಯಲ್ಲಿ ಕಾಣೆಯಾಗಿವೆ; ಆದರೆ ಉಳಿದಿರತಕ್ಕವನ್ನು ಓದುವುದಕ್ಕೆ ಲಿಪಿ ಮತ್ತು ಭಾಷೆಗಳ ಪರಿಚಯವಿದ್ದರೆ ಸಾಕು. ಕೆತ್ತಿದ ರೂವಾರಿಯ ಉಳಿಯನ್ನು ಹುಡುಕಿ ತರಬೇಕಾದ ಪ್ರಮೇಯವಿಲ್ಲ. ಈಚಿನ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ನಗರದ ಸಣ್ಣ ಸ್ಟುಡಿಯೊಗಳಲ್ಲಿ ಮುದ್ರಿತವಾದ ಸಂಗೀತದ ಮೂಲ ಕಡತಗಳ ವಿಷಯದಲ್ಲಿ ಇದೇ ಮಾತನ್ನು ಹೇಳುವಂತಿಲ್ಲ. ಅವುಗಳನ್ನು ತೆರೆದು ಕೇಳಬೇಕಾದರೆ, ಅವುಗಳನ್ನು ರಚಿಸಿದಾಗ ಬಳಸಿದ ಸಾಧನಗಳೇ ಮತ್ತೆ ಬೇಕಾಗುತ್ತವೆ. ಆ ಸಾಧನಗಳು ಹೊಸ ಕಂಪ್ಯೂಟರುಗಳಲ್ಲಿ ನಡೆಯದೆ ಹೋಗುವುದಕ್ಕೆ ಕಾರಣವೇನು, ನಡೆಯಿಸುವುದಕ್ಕೆ ಯಾವ ಉಪಾಯಗಳುಂಟು, ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಏನು ಕೆಲಸವೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೊದಲು ಪಾರಿಭಾಷಿಕ ಶಬ್ದಗಳ ವಿವರಣೆ ಅವಶ್ಯಕ. ಇಂದು ಹಾಡಿನ ಮುದ್ರಣವು ಬಹುತೇಕ ಕಂಪ್ಯೂಟರಿನಲ್ಲಿಯೇ ನಡೆಯುತ್ತದೆ. ಕ್ಯೂಬೇಸ್, ಪ್ರೊ ಟೂಲ್ಸ್, ಲಾಜಿಕ್, ರೀಪರ್ ಮೊದಲಾದವು ಇದಕ್ಕಾಗಿ ರಚಿತವಾದ ತಂತ್ರಾಂಶಗಳು. ಇವುಗಳ ಒಳಗೆ ಸೇರಿಕೊಂಡು ಒಂದೊಂದು ವಿಶೇಷ ಕಾರ್ಯವನ್ನು ಮಾಡುವ ಸಣ್ಣ ತಂತ್ರಾಂಶಕ್ಕೆ ಪ್ಲಗಿನ್ ಎಂದು ಹೆಸರು. ಕಂಠಕ್ಕೆ ದೊಡ್ಡ ಸಭಾಂಗಣದ ಮಾರ್ದನಿಯನ್ನು ಕೊಡುವುದು ಒಂದು. ಏರುಪೇರಾದ ಧ್ವನಿಯನ್ನು ಹದಕ್ಕೆ ತರುವುದು ಇನ್ನೊಂದು. ತಂಬೂರಿ, ತಬಲ, ಮೃದಂಗಗಳ ನಾದವನ್ನು ತಾನೇ ಹುಟ್ಟಿಸುವುದು ಮತ್ತೊಂದು. ಸ್ವಿಟ್ಜರ್ಲೆಂಡಿನ ಸ್ವರ್ ಸಿಸ್ಟಮ್ಸ್ ಸಂಸ್ಥೆಯ ‘ಸ್ವರ್‌ಪ್ಲಗ್’ ಈ ಕೊನೆಯ ಜಾತಿಗೆ ಸೇರಿದ್ದು. ಹಾಡಿನ ಮೂಲ ಕಡತದಲ್ಲಿ ಗಾಯಕರ ಕಂಠವು ಧ್ವನಿಯಾಗಿಯೇ ಇರುತ್ತದೆ. ಪ್ಲಗಿನ್ನಿನಿಂದ ಬರತಕ್ಕ ನಾದವಾದರೋ ಕೇವಲ ಆಜ್ಞೆಯ ರೂಪದಲ್ಲಿರುತ್ತದೆ. ಆಜ್ಞೆಯನ್ನು ನೆರವೇರಿಸುವ ಪ್ಲಗಿನ್ ಇಲ್ಲವಾದರೆ ಆ ಸ್ಥಳದಲ್ಲಿ ಮೌನ. ಹಿಂದೆ ಕಡತವೆಂದರೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಸವರಿ ಕಪ್ಪಾಗಿಸಿದ ಬಟ್ಟೆಯ ಲೆಕ್ಕದ ಪುಸ್ತಕವಾಗಿತ್ತೆಂಬುದು ಓದುಗರಿಗೆ ತಿಳಿದೇ ಇದೆ. ಆ ಹೆಸರನ್ನು ಪಡೆದ ಹೊಸ ವಸ್ತುವಿಗೆ ಹಳೆಯದರ ಬಾಳಿಕೆ ಬಂದಿಲ್ಲ.

ಧ್ವನಿಯ ಆಕರಗಳು ಹಿಂದೆ ಹೇಗಿದ್ದುವೆಂಬುದನ್ನು ನೋಡಿದರೆ ವ್ಯತ್ಯಾಸವು ಸ್ಪಷ್ಟವಾಗುತ್ತದೆ. 1902ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅವರು ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡರು. ಈ ಗಾಯಕಿ 1928ರಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ಹಾಡುಗಳಿರುವ ಅರಗಿನ ತಟ್ಟೆಗಳು ಒಡೆಯದೆ ಉಳಿದಿದ್ದರೆ ಇಂದಿಗೂ ನುಡಿಯುತ್ತವೆ. ಅದಕ್ಕೆ ಬೇಕಾದದ್ದು ತಿರುಗುವ ಒಂದು ಪೀಠ ಮತ್ತು ಒಂದು ಮುಳ್ಳು. ಯಾರ ಅನುಮತಿಯೂ ಬೇಕಿಲ್ಲ. ಹಾಗೆಂದು ಅವು ತೊಡಕಿಲ್ಲದ ಆಕರಗಳೆಂದು ಭಾವಿಸಲಾಗದು. ಆ ಕಾಲದ ತಟ್ಟೆಗಳೆಲ್ಲವೂ ನಿಮಿಷಕ್ಕೆ 78 ಸುತ್ತು ತಿರುಗತಕ್ಕವಲ್ಲ; ವೇಗವು ಹಲವು ಸಲ ಇದಕ್ಕಿಂತ ಹೆಚ್ಚು ಕಡಮೆಯಾಗಿದ್ದುದುಂಟು. ತಪ್ಪು ವೇಗದಲ್ಲಿ ನುಡಿಸಿದರೆ ಗಾಯಕಿಯ ಶ್ರುತಿಯೇ ಬೇರೆಯಾಗಿ ಕೇಳುತ್ತದೆ. ಆದುದರಿಂದ ಅಲ್ಲಿಯೂ ವಿಮರ್ಶೆ ಬೇಕು. ಆದರೆ ವಿಮರ್ಶೆಗೆ ಒಳಗಾಗುವ ಧ್ವನಿಯು ಕಿವಿಗೆ ಬೀಳುತ್ತದೆಯಲ್ಲ, ಅಷ್ಟು ಸೌಕರ್ಯ. 1978ರಲ್ಲಿ ‘ನಿತ್ಯೋತ್ಸವ’ದಿಂದ ಮೊದಲಾಗಿ ಬಂದ ಭಾವಗೀತೆಗಳ ಧ್ವನಿಸುರುಳಿಗಳ ವಿಷಯವೂ ಹೀಗೆಯೇ: ಸುರುಳಿ ಬೂಷ್ಟು ಹಿಡಿದಿರಬಹುದು, ಸದ್ದು ಮಂಕಾಗಿರಬಹುದು, ಆದರೂ ಯಾವ ಕಂಪನಿಯ ಟೇಪ್ ರೆಕಾರ್ಡರಿನಲ್ಲಿಯಾದರೂ ನುಡಿಯುತ್ತದೆ.

ಕನ್ನಡ ಚಿತ್ರಗೀತೆಗಳ ಮುದ್ರಣವು ಬಹುಕಾಲ ಮದರಾಸಿನಲ್ಲಿಯೇ ನಡೆಯುತ್ತಿತ್ತು. 1980ರ ದಶಕದಲ್ಲಿ ಶಂಕರನಾಗ್ ಅವರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊವನ್ನು ಕಟ್ಟಿದ್ದು ಈ ದೃಷ್ಟಿಯಿಂದ ಮುಖ್ಯವಾದ ಘಟನೆ. ಆದರೆ ಆಗಲೂ ಸ್ಟುಡಿಯೊ ಎಂದರೆ ದೊಡ್ಡ ಬಂಡವಾಳದ ಮಾತು. ಕಂಪ್ಯೂಟರಿನ ಬೆಲೆ ಇಳಿದ ಮೇಲೆ ಈ ಸ್ಥಿತಿ ಬದಲಾಯಿತು. 2000ದ ಈಚೆಗೆ ನಗರದ ಪೂರ್ವಭಾಗದ ಬಾಣಸವಾಡಿ, ರಾಮಮೂರ್ತಿನಗರ, ಹೊರಮಾವು ಮೊದಲಾದ ಬಡಾವಣೆಗಳಲ್ಲಿ ಮನೆಯ ಒಂದು ಕೊಠಡಿಯೇ ಸ್ಟುಡಿಯೊ ಆಯಿತು. ಹೊರಮಾವು 2007ರಲ್ಲಿ ಮಹಾನಗರ ಪಾಲಿಕೆಯ ಎಲ್ಲೆಯೊಳಗೆ ಸೇರಿದ ಊರು. ಕೆರೆಯೂ ಗದ್ದೆಯೂ ಇದ್ದ ಹಳ್ಳಿಯಲ್ಲಿ ಇಂದು ನಾನಾ ಪ್ರಾಂತಗಳ ಜನ ನೆಲೆಸಿದ್ದಾರೆ. ದೇವಾಲಯದ ಭಜನೆ, ಚರ್ಚಿನ ಗಾಯನವೃಂದ, ಕಿರುಚಿತ್ರಗಳ ಹಿನ್ನೆಲೆ ಸಂಗೀತ, ಮದುವೆಯ ಹಾಡು ಇವೆಲ್ಲವೂ ಇಂತಹ ಕೊಠಡಿಗಳಲ್ಲಿ ಮುದ್ರಿತವಾದವು. ಇವುಗಳಿಗೆ ದಾಖಲೆ ಪುಸ್ತಕವಿಲ್ಲ, ಪತ್ರಾಗಾರವಿಲ್ಲ. ಇರುವುದು ಕಂಪ್ಯೂಟರಿನ ಕಡತಗಳು ಮಾತ್ರ.

ಈ ಕಡತಗಳ ಗತಿಯನ್ನು ತಿಳಿಯಬೇಕಾದರೆ ಹಂಬುರ್ಗ್ ನಗರದ ಸ್ಟೈನ್‌ಬರ್ಗ್ ಸಂಸ್ಥೆಯ ವೃತ್ತಾಂತವನ್ನು ಸ್ವಲ್ಪ ನೋಡಬೇಕು. ಕ್ಯೂಬೇಸ್ ತಂತ್ರಾಂಶವನ್ನು ರಚಿಸಿದ ಈ ಸಂಸ್ಥೆಯು 1996ರಲ್ಲಿ ವಿಎಸ್‌ಟಿ ಎಂಬ ಸಂಬಂಧಸೂತ್ರವನ್ನು ಪ್ರಚುರಪಡಿಸಿತು. ಪ್ಲಗಿನ್ ಹೇಗೆ ಧ್ವನಿಯನ್ನು ಪಡೆಯಬೇಕು, ಹೇಗೆ ಹಿಂದಿರುಗಿಸಬೇಕು ಎಂಬ ನಿಯಮಗಳ ಸಂಗ್ರಹವಿದು. ಇತರರೂ ಈ ನಿಯಮಗಳನ್ನು ಅನುಸರಿಸಿ ಪ್ಲಗಿನ್ ತಯಾರಿಸಬಹುದೆಂದು ಸಂಸ್ಥೆಯು ಅನುಮತಿಯಿತ್ತಿತು. 1999ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ವಾದ್ಯಗಳನ್ನೂ ಪ್ಲಗಿನ್ ರೂಪದಲ್ಲಿ ಸೇರಿಸುವುದು ಸಾಧ್ಯವಾಯಿತು. ಲೋಕದ ನಾನಾ ಕಡೆ ಸಣ್ಣ ಸಂಸ್ಥೆಗಳೂ ಹವ್ಯಾಸಿಗಳೂ ಸಾವಿರಾರು ಪ್ಲಗಿನ್‌ಗಳನ್ನು ಈ ಸೂತ್ರದ ಮೇಲೆ ರಚಿಸಿದರು. 2008ರಲ್ಲಿ ಮೂರನೆಯ ಆವೃತ್ತಿ ಬಂದಿತು. ಇದು ಹಿಂದಿನದರ ವಿಸ್ತರಣೆಯಲ್ಲ, ಬೇರೆಯೇ ರಚನೆ. ಎರಡನೆಯ ಆವೃತ್ತಿಯಲ್ಲಿ ಪ್ಲಗಿನ್ನಿನ ಗುರುತು ನಾಲ್ಕು ಅಕ್ಷರಗಳದ್ದು, ಮೂರನೆಯದರಲ್ಲಿ ಹದಿನಾರು ಬೈಟುಗಳದ್ದು. ಹೀಗಿರಲು, ಹಳೆಯ ಕಡತವು ಹೆಸರಿಟ್ಟು ಕರೆದ ಪ್ಲಗಿನ್ನಿನ ಹೊಸ ಆವೃತ್ತಿಯೇ ಕಂಪ್ಯೂಟರಿನಲ್ಲಿದ್ದರೂ, ತಯಾರಕರು ಎರಡಕ್ಕೂ ನಂಟನ್ನು ಹೆಣೆದಿರದಿದ್ದರೆ ಅದು ಓಗೊಡುವುದಿಲ್ಲ. 2018ರ ಅಕ್ಟೋಬರಿನ ಬಳಿಕ ಎರಡನೆಯ ಆವೃತ್ತಿಗೆ ಹೊಸದಾಗಿ ಅನುಮತಿಪತ್ರ ಕೊಡುವುದನ್ನು ಸ್ಟೈನ್‌ಬರ್ಗ್ ನಿಲ್ಲಿಸಿತು. 2022ರ ಜನವರಿಯಲ್ಲಿ, ಇನ್ನು ಎರಡು ವರ್ಷಗಳೊಳಗಾಗಿ ತನ್ನ ತಂತ್ರಾಂಶಗಳಲ್ಲಿ ಅದಕ್ಕೆ ಆಸರೆಯನ್ನು ಕೊನೆಗೊಳಿಸುವುದಾಗಿ ಸಾರಿತು.

ಇದು ಒಂದು ಕಾರಣ. ಇನ್ನೊಂದು ಕಾರಣವು ಕಂಪ್ಯೂಟರಿನ ಸ್ವರೂಪಕ್ಕೇ ಸಂಬಂಧಿಸಿದ್ದು. 2000ದ ದಶಕದ ಪ್ಲಗಿನ್‌ಗಳು ಬಹುಮಟ್ಟಿಗೆ 32 ಬಿಟ್ ಪದ್ಧತಿಯವು. ಈ ಪದ್ಧತಿಯಲ್ಲಿ ಸ್ಮೃತಿಕೋಶದ ವಿಳಾಸವು 32 ಅಂಕೆಗಳ ದ್ವಿಮಾನ ಸಂಖ್ಯೆ. ಆದುದರಿಂದ 4,29,49,67,296 ವಿಳಾಸಗಳಿಗಿಂತ, ಎಂದರೆ ನಾಲ್ಕು ಗಿಗಾಬೈಟುಗಳಿಗಿಂತ ಹೆಚ್ಚಿನ ಸ್ಮೃತಿಯನ್ನು ಒಂದು ತಂತ್ರಾಂಶವು ಏಕಕಾಲಕ್ಕೆ ಗುರುತಿಸಲಾರದು. ವಾದ್ಯಗಳ ಪ್ರತಿಯೊಂದು ಸ್ವರವನ್ನೂ ಮುದ್ರಿಸಿ ಸೇರಿಸಿದ ದೊಡ್ಡ ಪ್ಲಗಿನ್‌ಗಳಿಗೆ ಈ ಸ್ಥಳ ಸಾಲದಾಯಿತು. 64 ಬಿಟ್ ಪದ್ಧತಿ ಬಂದಿತು. ಆದರೆ ಒಂದೇ ತಂತ್ರಾಂಶದ ಒಡಲಲ್ಲಿ ಎರಡು ಬಗೆಯ ವಿಳಾಸಗಳು ಕೂಡಿ ಬಾಳಲಾರವು. 2013ರಲ್ಲಿ ಪ್ರೊ ಟೂಲ್ಸ್‌ನ ಹನ್ನೊಂದನೆಯ ಆವೃತ್ತಿಯು 64 ಬಿಟ್ಟಿನದಾಗಿ ಹೊರಬಂದು, ತನ್ನ ಹಳೆಯ ಎರಡು ಪ್ಲಗಿನ್ ಪದ್ಧತಿಗಳನ್ನು ಕೈಬಿಟ್ಟಿತು. ಅದೇ ವರ್ಷ ಲಾಜಿಕ್, 2016ರ ಡಿಸೆಂಬರಿನಲ್ಲಿ ಕ್ಯೂಬೇಸಿನ ಒಂಬತ್ತನೆಯ ಆವೃತ್ತಿ, ಇದೇ ದಾರಿ ಹಿಡಿದವು. 2019ರಲ್ಲಿ ಆಪಲ್ ಸಂಸ್ಥೆಯು ತನ್ನ ಕಂಪ್ಯೂಟರುಗಳಲ್ಲಿ 32 ಬಿಟ್ ತಂತ್ರಾಂಶಗಳನ್ನು ಸಂಪೂರ್ಣವಾಗಿ ನಿಲ್ಲಿಸಿತು. ಮರುವರ್ಷ ಸಂಸ್ಕಾರಕವನ್ನೇ ಬದಲಿಸಿತು.

ಮೂರನೆಯ ಕಾರಣ ಕೇವಲ ವ್ಯಾಪಾರದ್ದು. 2002ರಲ್ಲಿ ಲಾಜಿಕ್ ತಯಾರಿಸುತ್ತಿದ್ದ ಜರ್ಮನಿಯ ಎಮ್ಯಾಜಿಕ್ ಸಂಸ್ಥೆಯನ್ನು ಆಪಲ್ ಕೊಂಡುಕೊಂಡಿತು. ವಿಂಡೋಸ್ ಕಂಪ್ಯೂಟರಿನಲ್ಲಿ ಲಾಜಿಕ್ ಬಳಸುತ್ತಿದ್ದವರಿಗೆ ಅಲ್ಲಿಗೆ ದಾರಿ ಮುಚ್ಚಿತು. 2015ರಲ್ಲಿ ಕ್ಯಾಮಲ್ ಆಡಿಯೊ ಎಂಬ ಪ್ಲಗಿನ್ ಸಂಸ್ಥೆಗೂ ಇದೇ ಆಯಿತು. ಇಲ್ಲಿ ಯಂತ್ರದ ಅಸಾಮರ್ಥ್ಯವೇನೂ ಇರಲಿಲ್ಲ.

ಹಳೆಯದನ್ನು ಹೊಸದರಲ್ಲಿ ನಡೆಯಿಸುವುದು ಸ್ವಭಾವತಃ ಅಸಾಧ್ಯವೆಂದು ಕೆಲವರು ಹೇಳುವುದುಂಟು. ಹೊರಮಾವಿನ ನೆರೆಯಲ್ಲಿಯೇ ಇದಕ್ಕೆ ಉತ್ತರ ದೊರೆಯುತ್ತದೆ. ಹೊರಮಾವಿನಿಂದ ದಕ್ಷಿಣಕ್ಕೆ, ಹಳೆಯ ಮದರಾಸು ರಸ್ತೆಯ ಬದಿಯ ದೂರವಾಣಿನಗರದಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪಿತವಾಯಿತು. ಅಲ್ಲಿ ತಯಾರಾದ ಬೆರಳಿನಿಂದ ತಿರುಗಿಸುವ ಕರಿಯ ದೂರವಾಣಿಯನ್ನು ಹಿರಿಯ ಓದುಗರು ಬಲ್ಲರು. ಐದನ್ನು ತಿರುಗಿಸಿದರೆ ಐದು ಮಿಡಿತ, ಸೊನ್ನೆಗೆ ಹತ್ತು ಮಿಡಿತ. ಈ ಮಿಡಿತಗಳಿಂದ ವಿನಿಮಯ ಕೇಂದ್ರದಲ್ಲಿನ ಸ್ಟ್ರೌಜರ್ ಯಂತ್ರವು ಮೆಟ್ಟಿಲು ಮೆಟ್ಟಿಲಾಗಿ ಏರಿ ಸಂಬಂಧ ಕಲ್ಪಿಸುತ್ತಿತ್ತು. ಅನಂತರ ಕ್ರಾಸ್‌ಬಾರ್ ಕೇಂದ್ರಗಳು ಬಂದವು. 1980ರ ದಶಕದಿಂದ ವಿದ್ಯುನ್ಮಾನ ಕೇಂದ್ರಗಳು ಬಂದವು. ವಿದ್ಯುನ್ಮಾನ ಕೇಂದ್ರದಲ್ಲಿ ಏರತಕ್ಕ ಮೆಟ್ಟಿಲೇ ಇಲ್ಲ. ಆದರೂ ಮನೆಯ ಹಳೆಯ ದೂರವಾಣಿಯು ಕೆಲಸಮಾಡುತ್ತಲೇ ಇತ್ತು. ಏಕೆಂದರೆ ಹೊಸ ಕೇಂದ್ರವು ಮಿಡಿತಗಳನ್ನು ಎಣಿಸುವಂತೆ ರಚಿಸಲ್ಪಟ್ಟಿತ್ತು. ದೂರವಾಣಿಯೂ ಕೇಂದ್ರವೂ ಸರ್ಕಾರದ ಒಂದೇ ಇಲಾಖೆಯ ಅಧೀನದಲ್ಲಿದ್ದವು. ಮಿಡಿತದ ನಿಯಮವು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಹಳೆಯ ಚಂದಾದಾರನನ್ನು ಕೈಬಿಡುವಂತಿಲ್ಲವೆಂಬ ಹೊಣೆಗಾರಿಕೆಯೂ ಇತ್ತು. ಪ್ಲಗಿನ್‌ಗಳ ಲೋಕದಲ್ಲಿ ಈ ಮೂರೂ ಇಲ್ಲ. ಆದುದರಿಂದ, ಹಳೆಯ ಪ್ಲಗಿನ್ ನಿಲ್ಲುವುದಕ್ಕೆ ತಾಂತ್ರಿಕ ಕಾರಣಕ್ಕಿಂತ ಒಡೆತನದ ಕಾರಣವೇ ಪ್ರಬಲವೆಂದು ನನ್ನ ಅಭಿಪ್ರಾಯ. 2022ರಲ್ಲಿ ಯು-ಹೆ ಮತ್ತು ಬಿಟ್‌ವಿಗ್ ಸಂಸ್ಥೆಗಳು ಯಾರು ಬೇಕಾದರೂ ಬಳಸಬಹುದಾದ ಕ್ಲ್ಯಾಪ್ ಎಂಬ ಮುಕ್ತ ಸೂತ್ರವನ್ನು ಹೊರತಂದುದಕ್ಕೆ ಪ್ರೇರಣೆ ಇದೇ ಎಂದು ತೋರುತ್ತದೆ. ಆದರೆ ಅದು ಮುಂದಿನ ಕಡತಗಳಿಗೆ ಉಪಕಾರಿಯೇ ಹೊರತು ಹಿಂದಿನವುಗಳಿಗಲ್ಲ.

ಹಿಂದಿನವುಗಳಿಗೆ ಇರುವ ಉಪಾಯ ಸೇತುವೆ. ಜೆಬ್ರಿಜ್ ಎಂಬುದು ಇಂತಹ ಒಂದು ತಂತ್ರಾಂಶ. ರೀಪರಿನಲ್ಲಿ ಇದೇ ವ್ಯವಸ್ಥೆ ಒಳಗೇ ಉಂಟು. 32 ಬಿಟ್ಟಿನ ಪ್ಲಗಿನ್ನನ್ನು ಹೊಸ ತಂತ್ರಾಂಶದ ಒಳಕ್ಕೆ ತಾರದೆ, ಅದರ ಪಕ್ಕದಲ್ಲಿ ಬೇರೊಂದು 32 ಬಿಟ್ ಪ್ರಕ್ರಿಯೆಯನ್ನು ಆರಂಭಿಸಿ ಅಲ್ಲಿ ನೆಲೆಗೊಳಿಸುವುದು ಇದರ ರೀತಿ. ಧ್ವನಿಯ ತುಣುಕುಗಳು ಇಬ್ಬರಿಗೂ ಸಾಧಾರಣವಾದ ಒಂದು ಸ್ಮೃತಿಭಾಗದ ಮೂಲಕ ಹೋಗಿ ಬರುತ್ತವೆ. ದುಭಾಷಿಯನ್ನು ನಡುವೆ ಕುಳ್ಳಿರಿಸಿ ಮಾತನಾಡಿದಂತೆ ಇದು. ಕೆಲಸ ನಡೆಯುತ್ತದೆ, ಸ್ವಲ್ಪ ಶ್ರಮ ಹೆಚ್ಚು. ಪ್ಲಗಿನ್ ಕುಸಿದರೂ ಮುಖ್ಯ ತಂತ್ರಾಂಶವು ಕುಸಿಯುವುದಿಲ್ಲವೆಂಬ ಲಾಭವೂ ಉಂಟು. ವಿಂಡೋಸ್ ಕಂಪ್ಯೂಟರುಗಳಲ್ಲಿ ಇದು ಇಂದಿಗೂ ಫಲಕಾರಿ. ಆಪಲ್ ಕಂಪ್ಯೂಟರುಗಳಲ್ಲಿ 2019ರ ಬಳಿಕ 32 ಬಿಟ್ ಪ್ರಕ್ರಿಯೆಯೇ ನಡೆಯದಾದ್ದರಿಂದ ಸೇತುವೆಯ ಆಚೆಯ ದಡವೇ ಇಲ್ಲದಂತಾಗಿದೆ. ಇನ್ನು, ಅಂತರಜಾಲದ ಮೂಲಕ ತಯಾರಕರ ಒಪ್ಪಿಗೆ ಪಡೆದೇ ಆರಂಭವಾಗುವ ಪ್ಲಗಿನ್‌ಗಳಿಗೆ ತಯಾರಕರೇ ಇಲ್ಲವಾದರೆ ಯಾವ ಸೇತುವೆಯೂ ಪ್ರಯೋಜನಕ್ಕೆ ಬಾರದು. ನಮ್ಮ ಸಣ್ಣ ಸ್ಟುಡಿಯೊಗಳಲ್ಲಿ ಕಳ್ಳಪ್ರತಿಗಳ ಬಳಕೆಯೂ ಸಾಕಷ್ಟು ಇದ್ದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಅಂತಹವರು ತಯಾರಕರ ಬಳಿಗೆ ಹೋಗಿ ಕೇಳುವಂತೆಯೂ ಇಲ್ಲ.

ಹೊರಮಾವಿನ ಒಂದು ಮನೆಯ ಮೇಲ್ಮಹಡಿಯ ಕೊಠಡಿಯಲ್ಲಿ ಈ ಸಮಸ್ಯೆಯ ಪ್ರತ್ಯಕ್ಷ ನಿದರ್ಶನವನ್ನು ಕಾಣುವ ಅವಕಾಶ ನನಗೆ ಒದಗಿತು. ಅಲ್ಲಿನ ಧ್ವನಿಮುದ್ರಕರು ಹೊಸ ಕಂಪ್ಯೂಟರಿನ ಪಕ್ಕದಲ್ಲಿ ಹಳೆಯದೊಂದನ್ನು ಬಟ್ಟೆ ಹೊದಿಸಿ ಇಟ್ಟಿದ್ದಾರೆ; ಅದನ್ನು ಅಂತರಜಾಲಕ್ಕೆ ಜೋಡಿಸುವುದಿಲ್ಲ, ಹೊಸದೇನನ್ನೂ ಅದರಲ್ಲಿ ಸೇರಿಸುವುದಿಲ್ಲ. 2009ರಲ್ಲಿ ಹಿರಿಯ ಗಾಯಕಿಯೊಬ್ಬರು ಹಾಡಿದ ದೇವರನಾಮಗಳ ಮೂಲ ಕಡತಗಳು ಅದರಲ್ಲಿವೆ. ಆ ಗಾಯಕಿ ಈಗ ಬದುಕಿಲ್ಲ. ಅದೇ ಕಡತವನ್ನು ಅವರು ಎರಡು ಕಂಪ್ಯೂಟರುಗಳಲ್ಲಿಯೂ ತೆರೆದು ಕೇಳಿಸಿದರು. ಹಳೆಯದರಲ್ಲಿ ತಂಬೂರಿಯ ನಾದದ ಮೇಲೆ ಹಾಡು ತೇಲಿ ಬರುತ್ತದೆ. ಹೊಸದರಲ್ಲಿ, ದೊರೆಯದ ಪ್ಲಗಿನ್‌ಗಳ ಹೆಸರುಗಳ ಪಟ್ಟಿಯೊಂದು ಮೊದಲು ಕಾಣಿಸಿಕೊಂಡು, ಆಮೇಲೆ ಕಂಠ ಮಾತ್ರ ಕೇಳುತ್ತದೆ: ತಂಬೂರಿಯಿಲ್ಲ, ಮೃದಂಗವಿಲ್ಲ, ಮಾರ್ದನಿಯಿಲ್ಲ. ಚರಣಗಳ ನಡುವೆ ಗಾಯಕಿ ನಿಂತ ಕಡೆಗಳಲ್ಲಿ ಬರಿಯ ಶೂನ್ಯ, ಅದರ ಹಿಂದೆ ಅವರ ಉಸಿರಿನ ಸದ್ದು. ತಂಬೂರಿಯನ್ನು ಯಾವ ಶ್ರುತಿಗೆ, ಎಷ್ಟು ಸೂಕ್ಷ್ಮ ಅಂತರದಲ್ಲಿ ಸೇರಿಸಿದ್ದರೆಂಬ ವಿವರವು ಕಡತದೊಳಗೇ ಇದೆ. ಆದರೆ ಆ ಪ್ಲಗಿನ್ನಿಗೆ ಮಾತ್ರ ಅರ್ಥವಾಗುವ ಸಂಕೇತದಲ್ಲಿ ಇದೆ.

ಈ ಪ್ರಸಂಗದಲ್ಲಿ ಸಂಶೋಧಕನು ಎಚ್ಚರ ವಹಿಸಬೇಕಾದ ಅಂಶವೊಂದುಂಟು. ಐವತ್ತು ವರ್ಷಗಳ ಬಳಿಕ ಒಬ್ಬ ವಿದ್ಯಾರ್ಥಿಗೆ ಈ ಕಂಠದ ಪದರ ಮಾತ್ರ ದೊರೆತರೆ, 2009ರ ಬೆಂಗಳೂರಿನಲ್ಲಿ ಪಕ್ಕವಾದ್ಯಗಳಿಲ್ಲದೆ, ಶ್ರುತಿಯ ಆಧಾರವಿಲ್ಲದೆ ದೇವರನಾಮ ಹಾಡುವ ರೂಢಿಯಿತ್ತೆಂದು ಆತನು ತೀರ್ಮಾನಿಸಿದರೆ ತಪ್ಪೇನು? ಆಕರದಲ್ಲಿ ಇಲ್ಲದ್ದನ್ನು ಕಾಲದಲ್ಲಿಯೂ ಇರಲಿಲ್ಲವೆಂದು ಬಗೆಯುವ ದೋಷ ನಮ್ಮ ಶಾಸ್ತ್ರದಲ್ಲಿ ಹಳೆಯದು. ಅದಕ್ಕೆ ಇದು ಹೊಸ ಎಡೆಯನ್ನು ಕೊಡುತ್ತದೆ.

ಅಂತಿಮವಾಗಿ ಸಿದ್ಧವಾದ ಹಾಡು ಅಡಕಮುದ್ರಿಕೆಯಾಗಿ ಹೊರಬಂದಿರುವಾಗ ಮೂಲ ಕಡತದ ಚಿಂತೆ ಏಕೆಂದು ಯಾರಾದರೂ ಕೇಳಬಹುದು. ಆ ಆಕ್ಷೇಪಕ್ಕೆ ತೂಕವಿಲ್ಲದಿಲ್ಲ. ಹಾಡು ನಷ್ಟವಾಯಿತೆಂದು ಗೋಳಾಡುವುದು ಅತಿಶಯೋಕ್ತಿ. ಆದರೆ ಹೊರಬಂದ ಹಾಡಿನಲ್ಲಿ ಎಲ್ಲವೂ ಬೆರೆತುಹೋಗಿರುತ್ತದೆ. ಗಾಯಕಿಯ ಗಮಕವನ್ನು ಪ್ರತ್ಯೇಕವಾಗಿ ಪರಿಶೀಲಿಸಲು, ಯಾವುದು ಆಕೆಯದು ಯಾವುದು ಯಂತ್ರದ ತಿದ್ದುಪಡಿ ಎಂದು ವಿವೇಚಿಸಲು ಮೂಲ ಕಡತವೇ ಬೇಕು. ಗ್ರಂಥಸಂಪಾದಕರಿಗೆ ಅಚ್ಚಾದ ಪುಸ್ತಕದ ಜೊತೆಗೆ ಹಸ್ತಪ್ರತಿ ಬೇಕಾಗುವುದೂ ಇದೇ ಕಾರಣದಿಂದ. ಕಾಲೇಜಿನ ಅಧ್ಯಾಪಕರಿಗೆ ಈ ಕಷ್ಟ ಬೇರೊಂದು ವೇಷದಲ್ಲಿ ಪರಿಚಿತವೇ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಪ್ರಬಂಧಗಳನ್ನು ಆ ಅಕ್ಷರಶೈಲಿಯಿಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ರೋಮನ್ ಅಕ್ಷರಗಳ ಗೊಂದಲ ಕಾಣುತ್ತದೆಯಷ್ಟೆ. ಅಲ್ಲಿ ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳುಂಟು. ಏಕೆಂದರೆ ಯಾವ ಸಂಕೇತಕ್ಕೆ ಯಾವ ಅಕ್ಷರವೆಂಬ ಪಟ್ಟಿಯನ್ನು ಯಾರು ಬೇಕಾದರೂ ತಯಾರಿಸಬಹುದು. ಒಂದು ಪ್ಲಗಿನ್ನಿನ ನಾದಕ್ಕೆ ಅಂತಹ ಪಟ್ಟಿಯನ್ನು ತಯಾರಿಸಲಾಗದು.

ಸದ್ಯಕ್ಕೆ ಮಾಡತಕ್ಕ ಕೆಲಸ ಸರಳವಾದದ್ದು, ಬೇಸರದ್ದು. ಹಳೆಯ ಕಂಪ್ಯೂಟರು ಇನ್ನೂ ನಡೆಯುತ್ತಿರುವಾಗಲೇ ಪ್ರತಿಯೊಂದು ಪದರವನ್ನೂ, ಪ್ಲಗಿನ್ ಹುಟ್ಟಿಸಿದ ನಾದವನ್ನೂ ಸೇರಿಸಿ, ಹಾಡಿನ ಆರಂಭದಿಂದ ಕೊನೆಯವರೆಗೆ ಒಂದೇ ಉದ್ದದ ಪ್ರತ್ಯೇಕ ಧ್ವನಿಕಡತಗಳನ್ನಾಗಿ ಇಳಿಸಿಕೊಳ್ಳಬೇಕು. 1991ರಲ್ಲಿ ಬಂದ ವೇವ್ ಎಂಬ ಕಡತರೂಪವು ಇದಕ್ಕೆ ಯೋಗ್ಯ. ಅದರಲ್ಲಿ ಧ್ವನಿಯ ಅಳತೆಗಳನ್ನು ಬಿಟ್ಟು ಹೆಚ್ಚಿನದೇನೂ ಇರುವುದಿಲ್ಲ, ಎಲ್ಲ ತಂತ್ರಾಂಶಗಳೂ ಅದನ್ನು ಓದುತ್ತವೆ. ಕಂಠದ ಪದರವನ್ನು ಮಾರ್ದನಿಯೊಡನೆ ಒಮ್ಮೆ, ಮಾರ್ದನಿಯಿಲ್ಲದೆ ಒಮ್ಮೆ ಇಳಿಸಿಕೊಳ್ಳುವುದು ಒಳ್ಳೆಯದು. ಪ್ಲಗಿನ್ನಿನ ಹೆಸರು, ಆವೃತ್ತಿ, ಅದರ ಅಳವಡಿಕೆಗಳು ಪರದೆಯ ಮೇಲೆ ಕಾಣುವಂತೆಯೇ ಚಿತ್ರ ತೆಗೆದು ಜೊತೆಗಿಡಬೇಕು. ಹೊರಮಾವಿನ ಆ ಧ್ವನಿಮುದ್ರಕರು ಬಿಡುವಾದಾಗ ಈ ಕೆಲಸವನ್ನು ಮಾಡುತ್ತಿದ್ದಾರೆ. ಅದಕ್ಕೆ ಹಣ ಕೊಡುವವರಿಲ್ಲ. ನಮ್ಮ ವಿಭಾಗಗಳು ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಇಂತಹ ಕೊಠಡಿಗಳಿಗೆ ಕಳುಹಿಸಿ, ಒಂದೊಂದರಲ್ಲಿ ಯಾವ ವರ್ಷದ ಯಾವ ಕಡತಗಳಿವೆ, ಯಾವುದು ತೆರೆಯುತ್ತದೆ, ಯಾವುದು ತೆರೆಯದು ಎಂಬ ಪಟ್ಟಿಯನ್ನಾದರೂ ಮಾಡಿಸಬಹುದು.

ಕೊನೆಯದಾಗಿ ಕಾನೂನಿನ ಮಾತು. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1999ರಲ್ಲಿ ಆದ ತಿದ್ದುಪಡಿಯು ಈ ವಿಷಯದಲ್ಲಿ ಉದಾರವಾಗಿದೆ. ನ್ಯಾಯವಾಗಿ ತಂತ್ರಾಂಶವನ್ನು ಪಡೆದಿರುವವನು, ಸ್ವತಂತ್ರವಾಗಿ ರಚಿತವಾದ ಇನ್ನೊಂದು ತಂತ್ರಾಂಶವು ಇತರ ತಂತ್ರಾಂಶಗಳೊಡನೆ ಕೂಡಿ ನಡೆಯುವಂತೆ ಮಾಡಲು ಅಗತ್ಯವಾದ ಮಾಹಿತಿಯು ಬೇರೆ ರೀತಿಯಲ್ಲಿ ಸುಲಭವಾಗಿ ದೊರೆಯದಿದ್ದರೆ, ಅದನ್ನು ತಾನೇ ಶೋಧಿಸಿಕೊಳ್ಳಬಹುದೆಂದು 52ನೆಯ ಪ್ರಕರಣವು ಹೇಳುತ್ತದೆ. ಸೇತುವೆ ಕಟ್ಟುವವರಿಗೆ ಇದು ಆಧಾರ. 2012ರ ತಿದ್ದುಪಡಿಯು ಅದೇ ಪ್ರಕರಣದಲ್ಲಿ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಗಳಿಗೂ ಒಂದು ಅನುಕೂಲವನ್ನು ಕಲ್ಪಿಸಿತು: ಸಂರಕ್ಷಣೆಗಾಗಿ ಒಂದು ಕೃತಿಯನ್ನು ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಿಡಬಹುದು. ಆದರೆ ಆ ಕೃತಿಯ ಅಂಕೀಯವಲ್ಲದ ಪ್ರತಿಯೊಂದು ಗ್ರಂಥಾಲಯದಲ್ಲಿ ಮೊದಲೇ ಇರತಕ್ಕದ್ದು ಎಂಬ ನಿಬಂಧನೆ ಅದಕ್ಕುಂಟು. ಅಚ್ಚಾದ ಪುಸ್ತಕಕ್ಕೂ ಅರಗಿನ ತಟ್ಟೆಗೂ ಈ ನಿಬಂಧನೆ ಸಲ್ಲುತ್ತದೆ. ಹೊರಮಾವಿನ ಕೊಠಡಿಯ ಕಡತಕ್ಕೆ ಅಂಕೀಯವಲ್ಲದ ಪ್ರತಿ ಎಂದೂ ಇದ್ದದ್ದಿಲ್ಲ. ಆದ ಕಾರಣ ಅದನ್ನು ಗ್ರಂಥಾಲಯವು ಈ ವಿಧಿಯ ಬಲದಿಂದ ಸಂಗ್ರಹಿಸುವಂತಿಲ್ಲ, ಹಕ್ಕುದಾರರ ಬರಹದ ಒಪ್ಪಿಗೆಯನ್ನು ಪಡೆಯಬೇಕು. ದೇವರನಾಮಗಳ ಮುದ್ರಣದಲ್ಲಿ ಹಕ್ಕುದಾರರೆಂದರೆ ಗಾಯಕಿಯ ವಾರಸುದಾರರೆ, ಮುದ್ರಿಸಿದವರೆ, ಹಣ ಕೊಟ್ಟವರೆ ಎಂಬುದನ್ನು ಆಗ ಯಾರೂ ಬರೆದಿಟ್ಟುಕೊಂಡಿರಲಿಲ್ಲ.